ಭೋಂಗಾ ಕಟ್ಟಿದ ಗಾಡಿ

ಕಲಬುರಗಿಯ ರೋಜಾದಲ್ಲಿ, ದರ್ಗಾದ ರಸ್ತೆಯಿಂದ ಎಡಕ್ಕೆ ಒಡೆದ ಗಲ್ಲಿಯೊಳಗೆ ಕಪಿಲನ ಅಂಗಡಿ. ಅಂಗಡಿ ಎಂದರೆ ಒಂದು ಶಟರು, ಎರಡು ಸ್ಟೂಲು, ಗೋಡೆ ತುಂಬ ವೈರಿನ ಸುರುಳಿಗಳು; ಅದಕ್ಕಿಂತ ಹೆಚ್ಚು ಹೇಳುವಂಥದ್ದೇನೂ ಇಲ್ಲ. ಆದರೆ ಮೋಟಾರ್ ಸೈಕಲ್ಲಿಗೆ ಕಂಪನಿ ಕೊಡದ ಕರೆಂಟಿನ ಸಾಮಾನು ಏನೇ ಹಾಕಿಸಬೇಕಾದರೂ ಊರಿನ ಜನ ಹುಡುಕಿಕೊಂಡು ಅಲ್ಲಿಗೇ ಬರುತ್ತಿದ್ದರು. ಮೊಬೈಲು ಚಾರ್ಜ್ ಮಾಡುವ ಸಾಕೆಟ್ಟು ಬೇಕೆಂದು ಮನೆಮನೆಗೆ ಊಟ ಮುಟ್ಟಿಸುವವರು ಬರುತ್ತಿದ್ದರು, ಇನ್ನೆರಡು ದೀಪ ಬೇಕೆಂದು ಹಳ್ಳಿಗೆ ಹೋಗಿ ಬರುವ ಮಾಸ್ತರರು ಬರುತ್ತಿದ್ದರು, ಲಾರಿಯವನನ್ನೂ ಬೆಚ್ಚಿಬೀಳಿಸುವ ಹಾರ್ನು ಬೇಕೆಂದು ಆಗಷ್ಟೇ ಮೀಸೆ ಮೂಡಿದವರು ಬರುತ್ತಿದ್ದರು. ಈ ಕೊನೆಯವರನ್ನು ಕಪಿಲ ಬೈದು ಕಳಿಸುತ್ತಿದ್ದ. ಅವರು ಪಕ್ಕದ ಗಲ್ಲಿಯಲ್ಲಿ ಹಾಕಿಸಿಕೊಂಡು, ಇವನ ಅಂಗಡಿಯ ಮುಂದೆಯೇ ಬಾರಿಸಿಕೊಂಡು ಹೋಗುತ್ತಿದ್ದರು.

ಕೆಲಸದ ವಿಷಯದಲ್ಲಿ ಅವನು ಮಹಾ ಹಟಮಾರಿ. ಬ್ಯಾಟರಿಯಿಂದ ಬೇರೆಯೇ ವೈರು ಎಳೆಯಬೇಕು, ಅದರ ಬುಡದಲ್ಲೇ ಫ್ಯೂಸು ಇರಬೇಕು, ನಡುವೆ ರಿಲೇ ಕೂರಿಸಬೇಕು, ಚಾವಿ ತೆಗೆದರೆ ಎಲ್ಲವೂ ಬಂದ್ ಆಗಬೇಕು. ಹೆಡ್‌ಲೈಟಿನ ವೈರು ಸುಲಿದು, ಅದಕ್ಕೇ ಇನ್ನೊಂದನ್ನು ಸುತ್ತಿ, ಮೇಲೊಂದು ಟೇಪು ಅಂಟಿಸಿ ಕೈತೊಳೆದುಕೊಳ್ಳುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಒಂದೇ ಗಾಡಿಗೆ ನಾಲ್ಕು ಸಾಮಾನು ಹಾಕಿಸಲು ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ ಪಾಠ ಹೇಳುತ್ತಿದ್ದ: ಇಂಜಿನ್ನು ಓಡಿದರಷ್ಟೇ ಬ್ಯಾಟರಿ ತುಂಬುವುದು, ನೀವು ನಿಂತಲ್ಲೇ ನಿಂತು ಖರ್ಚು ಮಾಡಿದರೆ ಒಂದು ದಿನ ನಡುದಾರಿಯಲ್ಲಿ ಕೂರುತ್ತೀರಿ. ಈ ಕೆಲಸವನ್ನೂ ಈ ಹಟವನ್ನೂ ಅವನಿಗೆ ಕಲಿಸಿದವರು ಉಸ್ತಾದ್ ಲಾಲ್ ಅಹ್ಮದ್. ಅವರೂ ಕಪಿಲನ ಹಾಗೆ ಕಮಲಾಪುರದವರು. ಕಣ್ಣು ಮಂಜಾದ ಮೇಲೆ ಅಂಗಡಿಯನ್ನು ಮಗ ಫುರ್ಕಾನನಿಗೂ ಕಪಿಲನಿಗೂ ಒಪ್ಪಿಸಿ ಅವರು ಊರಲ್ಲೇ ಉಳಿದಿದ್ದರು. ಕಪಿಲ ಮಾತ್ರ ದಿನಾಲೂ ಹುಮನಾಬಾದ್ ರಸ್ತೆ ಹಿಡಿದು ಬಂದು ಹೋಗುತ್ತಿದ್ದ.

ಹೋದ ವರ್ಷ ಬಾಬಾಸಾಹೇಬರ ಜಯಂತಿಗೆ ಕಮಲಾಪುರದ ಕಪಿಲನ ಓಣಿಯವರು ಬೈಕ್ ಮೆರವಣಿಗೆ ಮಾಡುವುದೆಂದು ನಿಶ್ಚಯಿಸಿದರು. ಮುಂದಿನ ಗಾಡಿಗೆ ಧ್ವನಿ ಬೇಕು, ಜನರೇಟರು ಎಳೆದುಕೊಂಡು ಹೋಗಲು ಆಗುವುದಿಲ್ಲ, ಏನಾದರೂ ಮಾಡು ಎಂದು ಕಪಿಲನ ಬೆನ್ನು ಹತ್ತಿದರು. ಅವನು ಒಂದು ವಾರ ಕೂತು ತನ್ನ ಗಾಡಿಯನ್ನೇ ಸಿದ್ಧ ಮಾಡಿದ. ಹಿಂದೆ ಕಬ್ಬಿಣದ ಚೌಕಟ್ಟು, ಅದರಲ್ಲಿ ಪೆಟ್ಟಿಗೆಯೊಳಗೆ ಆಂಪ್ಲಿಫೈಯರು, ಕೂಗು ದೂರ ಮುಟ್ಟಿಸಲು ಮುಂದೊಂದು ಹಿಂದೊಂದು ಕಹಳೆಬಾಯಿಯ ಭೋಂಗಾ, ಹ್ಯಾಂಡಲ್ಲಿನ ಬಳಿ ಮೈಕು, ಸೀಟಿನ ಪಕ್ಕ ಮುಚ್ಚಳವಿರುವ ಎರಡು ಸಾಕೆಟ್ಟು. ಎಲ್ಲಿಯೂ ಒಂದೆಳೆ ವೈರು ಹೊರಗೆ ಕಾಣುತ್ತಿರಲಿಲ್ಲ. ಅಪ್ಪ ಮಾಪಣ್ಣ ಸುತ್ತಲೂ ತಿರುಗಿ, ಎಲ್ಲವನ್ನೂ ಮುಟ್ಟಿ ನೋಡಿ, ಇಷ್ಟೆಲ್ಲ ಕರೆಂಟು ಎಲ್ಲಿಂದ ಬರ್ತದೋ ಎಂದು ನಕ್ಕಿದ್ದ. ಅರವತ್ತೆಂಟರ ಮುದುಕ ಮೆರವಣಿಗೆಯ ಉದ್ದಕ್ಕೂ ಮಗನ ಗಾಡಿಯ ಪಕ್ಕದಲ್ಲೇ ನಡೆದ.

ಜಯಂತಿ ಮುಗಿದರೂ ಭೋಂಗಾ ಇಳಿಯಲಿಲ್ಲ. ಕಪಿಲನ ಹೆಂಡತಿ ಸಂಘಮಿತ್ರಾ ಅಂಗನವಾಡಿ ಟೀಚರು. ಪೋಲಿಯೋ ಹನಿಯ ದಿನ ಗಂಡನನ್ನು ಹಿಂದೆ ಕೂರಿಸಿಕೊಂಡು ತಾನೇ ಗಾಡಿ ಓಡಿಸುತ್ತ ಕೂಗಿ ಬಂದಳು. ಎರಡು ದಿನ ನಲ್ಲಿ ನೀರು ಬರುವುದಿಲ್ಲ ಎಂದು ಹೇಳಬೇಕಾದಾಗ ವಾರ್ಡಿನವರು ಕರೆದರು. ಯಾರದೋ ಮೇಕೆ ತಪ್ಪಿಸಿಕೊಂಡಾಗ ಕರೆದರು. ಮೇಕೆ ಸಿಕ್ಕಿತು, ಕಪಿಲನಿಗೆ ಹೆಸರೂ ಬಂತು. ಮನುಷ್ಯ ತನ್ನ ಕೈಕೆಲಸವನ್ನು ನಾಲ್ಕು ಜನ ಹೊಗಳಿದರೆ ಕೊಂಚ ಉಬ್ಬುತ್ತಾನೆ, ಕಪಿಲನೂ ಉಬ್ಬಿದ. ಅದರಲ್ಲಿ ತಪ್ಪೇನಿದೆ ಎಂದು ಆಗ ಯಾರಿಗಾದರೂ ಅನಿಸುತ್ತಿತ್ತು.

ಮಳೆಗಾಲದಲ್ಲಿ ಉಸ್ತಾದ್ ಲಾಲ್ ಅಹ್ಮದ್ ತೀರಿಕೊಂಡರು. ಹಿಂದಿನ ದಿನದ ಗಾಳಿಗೆ ಕಂಬ ಬಿದ್ದು ಕಮಲಾಪುರದ ಆ ಭಾಗಕ್ಕೆ ಕರೆಂಟಿರಲಿಲ್ಲ, ಮಸೀದಿಯ ಮೈಕು ಸುಮ್ಮನಾಗಿತ್ತು. ಫುರ್ಕಾನ್ ಅಳುತ್ತ ಬಂದು, ಮಧ್ಯಾಹ್ನದ ಝೊಹರ್ ನಮಾಜಿನ ಹೊತ್ತಿಗೆ ಜನಾಜಾ ಎಂದು ನಾಲ್ಕು ಓಣಿಗೆ ತಿಳಿಸಬೇಕು ಎಂದ. ಕಪಿಲ ಕೂಡಲೇ ಗಾಡಿ ತೆಗೆದ. ಮೈಕು ಹಿಡಿದು ಊರೆಲ್ಲ ಸುತ್ತಿ ಉಸ್ತಾದರ ಸಾವನ್ನು ಸಾರಿದ. ತನಗೆ ಅನ್ನ ಕೊಟ್ಟ ವಿದ್ಯೆ ಕಲಿಸಿದವರಿಗೆ ಇಷ್ಟಾದರೂ ಮಾಡಿದೆನಲ್ಲ ಎಂಬ ಸಮಾಧಾನದಿಂದಲೇ ಮನೆಗೆ ಬಂದ.

ಮನೆಯಲ್ಲಿ ಮಾಪಣ್ಣ ಊಟ ಬಿಟ್ಟು ಕೂತಿದ್ದ. ಮಗ ಕಾಲು ತೊಳೆದುಕೊಂಡು ಒಳಗೆ ಬರುವವರೆಗೂ ಕಾದು, ಆ ಭೋಂಗಾ ಬಿಚ್ಚಿಬಿಡು ಎಂದ. ಕಪಿಲನಿಗೆ ಸಿಟ್ಟು ಬಂತು. ಉಸ್ತಾದರಿಗೆ ಮಾಡಿದ್ದು ತಪ್ಪೇ ಎಂದು ಕೇಳಿದ.

“ಲಾಲ್ ಅಹ್ಮದ್ ಸಾಹೇಬರಿಗೆ ಮಾಡಿದ್ದು ಪುಣ್ಯಾನೇ ಅದ,” ಎಂದ ಮಾಪಣ್ಣ. “ಆದ್ರ ಊರಿನ ಮಂದಿ ಯಾರ ಸಲುವಾಗಿ ಹೇಳಿದಿ ಅಂತ ಕೇಳಿಲ್ಲ. ಮಾಪಣ್ಣನ ಮಗ ಸಾವಿನ ಸುದ್ದಿ ಹೇಳ್ದ ಅಂತ ಕೇಳ್ಯಾರ.”

ಈ ಮಾತಿನ ಹಿಂದೆ ಇದ್ದದ್ದು ಕಪಿಲನಿಗೆ ಗೊತ್ತಿರಲಿಲ್ಲವೆಂದಲ್ಲ. ಊರಿನ ವಾಡೆಯಲ್ಲಿ, ಅಂದರೆ ಹಳೆಯ ಜಮೀನುದಾರರ ಆ ದೊಡ್ಡ ಕಲ್ಲುಮನೆಯಲ್ಲಿ, ಯಾರಾದರೂ ತೀರಿಕೊಂಡರೆ ಬೀಗರ ಮೂರು ಊರುಗಳಿಗೆ ನಡೆದುಹೋಗಿ ತಿಳಿಸುವುದು ಮಾಪಣ್ಣನ ಮನೆತನದ ಪಾಲಿಗೆ ಬಂದ ಕೆಲಸವಾಗಿತ್ತು. ಅದಕ್ಕೆ ಹೇಳಿಕೆ ಎನ್ನುತ್ತಿದ್ದರು. ಹೇಳಿಕೆ ಒಯ್ದವನು ಅಂಗಳದ ಹೊರಗೆ ನಿಲ್ಲಬೇಕು. ಸುದ್ದಿ ಕೇಳಿದ ಹೆಂಗಸರು ಅವನನ್ನೇ ಶಪಿಸಿ ಅಳುತ್ತಾರೆ, ಅದನ್ನು ತಲೆತಗ್ಗಿಸಿ ಕೇಳಿಸಿಕೊಳ್ಳಬೇಕು. ಆಮೇಲೆ ಯಾರಾದರೂ ತಂಬಿಗೆ ಎತ್ತಿ ಹಿಡಿದು ಮೇಲಿನಿಂದ ನೀರು ಹೊಯ್ದರೆ ಬೊಗಸೆಯೊಡ್ಡಿ ಕುಡಿದು ಮುಂದಿನ ಊರಿಗೆ ಹೊರಡಬೇಕು. ಕಪಿಲ ಎಂಟು ವರ್ಷದವನಿದ್ದಾಗ ಒಮ್ಮೆ ಅಪ್ಪನ ಹಿಂದೆ ಹೋಗಿದ್ದ. ಸುದ್ದಿ ಕೇಳಿದ ಮನೆಯ ಮಗಳು ಅಳುತ್ತ ಎಸೆದ ತಂಬಿಗೆ ಅಪ್ಪನ ಹುಬ್ಬಿಗೆ ಬಡಿದು ರಕ್ತ ಬಂದಿತ್ತು. ಅಪ್ಪ ಅದನ್ನು ಒರೆಸಿಕೊಳ್ಳದೆ ನಿಂತಿದ್ದ.

ಬೌದ್ಧನಾಗಿ ಧಮ್ಮದೀಕ್ಷೆ ತಗೊಂಡ ವರ್ಷ ಮಾಪಣ್ಣ ವಾಡೆಯ ಬಾಗಿಲಿಗೇ ಹೋಗಿ, ಇನ್ನು ಮುಂದೆ ನಮ್ಮ ಮನೆಯವರು ಹೇಳಿಕೆ ಒಯ್ಯುವುದಿಲ್ಲ ಎಂದು ಹೇಳಿ ಬಂದಿದ್ದ. ಅದಕ್ಕೆ ಸಿಕ್ಕ ಉತ್ತರವೆಂದರೆ ಎರಡು ವರ್ಷ ಊರಿನ ಯಾರ ಹೊಲದಲ್ಲೂ ಅವನಿಗೆ ಕೂಲಿ ಇರಲಿಲ್ಲ. ಅವನು ಕಲ್ಲಿನ ಗಣಿಗೆ ಹೋಗಿ ಬಂಡೆ ಒಡೆದ, ಹೆಂಡತಿ ಸಾವಿತ್ರಿಬಾಯಿ ಕಲಬುರಗಿಯಲ್ಲಿ ಇಟ್ಟಿಗೆ ಹೊತ್ತಳು. ಬಿಟ್ಟ ಕೆಲಸವನ್ನು ಮಾತ್ರ ಮತ್ತೆ ಹಿಡಿಯಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು, ಹೇಳಿಕೆ ತಾನಾಗಿಯೇ ನಿಂತುಹೋಯಿತು ಎಂದು ಎಲ್ಲರೂ ಅಂದುಕೊಂಡರು. ಮಾಪಣ್ಣನ ಬದುಕಿನಲ್ಲಿ ಅವನು ಗೆದ್ದದ್ದು ಅದೊಂದೇ, ಅದನ್ನು ಅವನು ಬಲು ಜೋಪಾನವಾಗಿ ಇಟ್ಟುಕೊಂಡಿದ್ದ.

ಭೋಂಗಾ ಬಿಚ್ಚುತ್ತೇನೆ ಎಂದು ಕಪಿಲ ಹೇಳಿದ. ಆದರೆ ಬಿಚ್ಚಲಿಲ್ಲ. ದೀಪಾವಳಿ ಕಳೆಯಲಿ, ಮುಂದಿನ ಜಯಂತಿಗೆ ಹೇಗೂ ಬೇಕಲ್ಲ, ಇಷ್ಟು ಚೊಕ್ಕ ಕೆಲಸವನ್ನು ಕಿತ್ತು ಮತ್ತೆ ಹಾಕುವುದು ಯಾಕೆ ಎಂದು ಮುಂದೂಡುತ್ತ ಹೋದ. ಮಾಪಣ್ಣನೂ ಎರಡನೆಯ ಸಲ ಹೇಳಲಿಲ್ಲ. ಈ ವರ್ಷದ ಜಯಂತಿಯೂ ಮುಗಿಯಿತು.

ಮೇ ತಿಂಗಳಲ್ಲಿ, ನೆರಳಿಗೂ ಬಿಸಿ ಹತ್ತುವ ಕಾಲದಲ್ಲಿ, ವಾಡೆಯ ಶಿವಲಿಂಗಪ್ಪನ ತಾಯಿ ತೀರಿಕೊಂಡಳು. ತೊಂಬತ್ತು ದಾಟಿದ ಮುದುಕಿ. ಶಿವಲಿಂಗಪ್ಪ ತನ್ನ ಹಿರಿಯರ ಹಾಗೆ ಗದರುವ ಮನುಷ್ಯನಲ್ಲ. ಪೆಟ್ರೋಲ್ ಬಂಕಿದೆ, ಗುತ್ತಿಗೆ ಕೆಲಸವಿದೆ, ಎಲ್ಲರ ಹೆಗಲ ಮೇಲೆ ಕೈಹಾಕಿ ಮಾತಾಡುತ್ತಾನೆ. ಅವನು ಅಂದು ಮಧ್ಯಾಹ್ನ ನಾಲ್ಕಕ್ಕೆ ರೋಜಾದ ಅಂಗಡಿಯಲ್ಲಿದ್ದ ಕಪಿಲನಿಗೆ ಫೋನು ಮಾಡಿ, ಸಾವಿನ ಸುದ್ದಿಯನ್ನು ಫೋನಿನಲ್ಲಿ ಹೇಳಿದರೆ ಮರ್ಯಾದೆಯಲ್ಲ ಎಂಬುದನ್ನು ವಿವರಿಸತೊಡಗಿದ.

“ಎಲ್ಲಾರಿಗೂ ಫೋನ್ ಮಾಡೀವಿ ಕಪಿಲ್. ಆದ್ರ ಅದು ಸುದ್ದಿ ಆಗ್ತದ, ಹೇಳಿಕಿ ಆಗಂಗಿಲ್ಲ. ಬಾಗಿಲಿಗೆ ಬಂದು ಹೇಳೂತನಾ ನಮ್ಮ ಬೀಗರಾಗಿನ ಹಿರೇರು ಎದ್ದೇಳಂಗಿಲ್ಲ. ಅವ್ವನೂ ಸಾಯೂ ಮುಂದ ಅದನ್ನೇ ಕೇಳ್ಯಾಳ. ನಿನ್ನ ಹಂತ್ಯಾಕ ಗಾಡಿ ಅದ, ಭೋಂಗಾ ಅದ, ನಡಿಯೂದೂ ಇಲ್ಲ. ಮೂರೂರು ಅಷ್ಟ.”

ಕಪಿಲ ಸಾಧ್ಯವಾದಷ್ಟು ಮೆತ್ತಗೆ ಹೇಳಿದ. ನಿಮ್ಮ ತಾಯಿ ಹೋದದ್ದು ಕೇಳಿ ದುಃಖವಾಯಿತು, ನಾಳೆ ಮಣ್ಣಿಗೆ ಬರುತ್ತೇನೆ, ಆದರೆ ಆ ಕೆಲಸ ನಮ್ಮ ಮನೆಯದಲ್ಲ, ಅಪ್ಪ ಅದನ್ನು ಬಿಟ್ಟು ಎಷ್ಟೋ ವರ್ಷವಾಯಿತು ಎಂದ.

“ಲಾಲ್ ಅಹ್ಮದಂದು ಹೇಳಿದೆಲ್ಲಪ್ಪ,” ಎಂದ ಶಿವಲಿಂಗಪ್ಪ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. “ಅವರದಾದ್ರ ಆಗ್ತದ, ನಮ್ಮದಾದ್ರ ಆಗಂಗಿಲ್ಲೇನು?”

ಅವರು ನನ್ನ ಉಸ್ತಾದರು, ನನ್ನ ಮನಸ್ಸಿಗಾಗಿ ಹೇಳಿದೆ, ಯಾರ ಪದ್ಧತಿಗಾಗಿಯೂ ಅಲ್ಲ ಎಂದು ಕಪಿಲ ಹೇಳುವಷ್ಟರಲ್ಲಿ ಆ ಕಡೆ ಫೋನು ಇಟ್ಟಾಗಿತ್ತು. ಅವನಿಗೆ ಒಳಗೊಂದು ಹೆಮ್ಮೆ. ಅಪ್ಪ ಹೇಳಿದ ‘ಇಲ್ಲ’ವನ್ನು ತಾನೂ ಹೇಳಿದೆ ಎಂಬ ಹೆಮ್ಮೆ. ಆ ಸಂಜೆ ಮನೆ ಮುಟ್ಟಿದ ಕೂಡಲೇ ಅಪ್ಪನ ಮುಂದೆ ಎಲ್ಲವನ್ನೂ ಒಪ್ಪಿಸಿದ. ಮಾಪಣ್ಣ ಕೇಳಿಸಿಕೊಂಡು, ಚಲೋ ಮಾಡಿದಿ ಎಂದ. ಮಗನ ತಲೆಯ ಮೇಲೆ ಕೈಯಿಟ್ಟ. ಹಾಗೆ ಅವನು ಯಾವತ್ತೂ ಮಾಡಿದವನಲ್ಲ. ಕಪಿಲನಿಗೆ ಸಂತೋಷವಾಯಿತೇ ಹೊರತು ಸಂಶಯ ಬರಲಿಲ್ಲ. ಒಲೆಯ ಮುಂದಿದ್ದ ಅವ್ವ ತಿರುಗಿ ನೋಡಲೇ ಇಲ್ಲ ಎಂಬುದನ್ನೂ ಅವನು ಗಮನಿಸಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಕಾಣಲಿಲ್ಲ. ಯಾರದೋ ಹೊಲದ ಕಡೆ ಹೋಗಿದ್ದಾನೆ ಎಂದಳು ಸಾವಿತ್ರಿಬಾಯಿ. ಕಪಿಲ ಎಂಟಕ್ಕೆ ಕಲಬುರಗಿಗೆ ಹೊರಟ. ಮಧ್ಯಾಹ್ನ ಮೂರಕ್ಕೆ ಮಣ್ಣು, ಅಷ್ಟರಲ್ಲಿ ಬಂದರಾಯಿತು ಎಂದುಕೊಂಡಿದ್ದ. ಹನ್ನೊಂದರ ಸುಮಾರಿಗೆ ಒಂದು ಹೊಸ ಗಾಡಿಯ ಸೀಟು ಬಿಚ್ಚಿ, ಸಾಕೆಟ್ಟಿಗೆ ವೈರು ಎಳೆಯುತ್ತಿದ್ದಾಗ ಅವ್ವನ ಫೋನು ಬಂತು. ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದಳು.

“ನಿನ್ನಿ ನೀ ಬರೂಕಿಂತ ಮೊದಲೇ ವಾಡೆದಾಂವ ಬಂದಿದ್ದ. ನಾಳೆ ನಾಲ್ಕು ಮಂದಿ ಹಿರೇರು ಕೂಡಿ ಬಂದು ನಿನ್ನ ಮಗನಿಗೇ ಕೇಳ್ತೀವಿ ಅಂದ. ನಿಮ್ಮಪ್ಪ ಅವನ ಕಾಲಿಗೆ ಬಿದ್ದು, ನನ್ನ ಮಗನಿಗೆ ಕೇಳಬ್ಯಾಡ್ರಿ, ಇದೊಂದು ಸಲ ನಾನೇ ಹೋಗಿ ಬರ್ತೀನಿ ಅಂದ. ಬೆಳಕು ಹರಿಯೂದ್ರಾಗ ಹೋಗ್ಯಾನ. ನಿನಗ ಹೇಳಿದ್ರ ನನ್ನ ಹೆಣ ನೋಡ್ತಿ ಅಂತ ಆಣಿ ಹಾಕ್ಯಾನ. ಬಿಸಿಲು ನೋಡಿ ನನಗ ತಡಕೊಳಾಕ ಆಗ್ಲಿಲ್ಲೋ ಯಪ್ಪಾ.”

ಮುದುಕನ ಲೆಕ್ಕಾಚಾರ ಕಪಿಲನಿಗೆ ಒಮ್ಮೆಲೇ ಹೊಳೆಯಿತು. ಹಿರಿಯರು ಮನೆಗೆ ಬಂದು ಕೇಳಿದ ಮೇಲೆ ಮಗ ಒಲ್ಲೆನೆಂದರೆ ಊರಿಗೆ ಊರೇ ಎದುರು ನಿಲ್ಲುತ್ತದೆ. ಹೂಂ ಎಂದರೆ ಆ ಕೆಲಸ ಮತ್ತೆ ಈ ಮನೆಗೆ ಅಂಟುತ್ತದೆ, ಈ ಸಲ ಗಾಡಿಯ ಸಮೇತ. ಅಪ್ಪ ತಾನೇ ಹೋದರೆ ಅದು ತನ್ನ ಕಾಲಿನ ಜೊತೆಗೇ ಮುಗಿಯುತ್ತದೆ. ತನ್ನ ಗೆಲುವನ್ನು ತಾನೇ ಮುರಿದು ಮಗನಿಗೆ ಉಳಿಸಲು ಹೊರಟಿದ್ದಾನೆ. ಕಪಿಲನಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ವೈರುಗಳನ್ನು ಹಾಗೆಯೇ ಜೋತುಬಿಟ್ಟು ಎದ್ದ. ಅಷ್ಟು ವರ್ಷದಲ್ಲಿ ಅವನು ಅರ್ಧಕ್ಕೆ ಬಿಟ್ಟ ಕೆಲಸ ಅದೊಂದೇ. ಫುರ್ಕಾನ್ ಜೊತೆಗೆ ಬರುತ್ತೇನೆಂದರೂ ನಿಲ್ಲಲಿಲ್ಲ.

ಮೊದಲನೆಯ ಊರು ಮುಟ್ಟಿದಾಗ ಹನ್ನೆರಡೂವರೆ. ಹೊತ್ತು ಹುಟ್ಟುವಾಗಲೇ ಮುದುಕ ಬಂದು ಹೇಳಿ ಹೋದ, ಈ ಕಾಲದಲ್ಲೂ ಪದ್ಧತಿ ಬಿಟ್ಟಿಲ್ಲ ನೋಡಿ ಎಂದು ಅಲ್ಲಿಯವರು ಮೆಚ್ಚಿಕೊಂಡರು. ಎರಡನೆಯ ಊರಿನಲ್ಲಿ ಒಬ್ಬ ಹೆಂಗಸು, ಒಂಬತ್ತರ ಸುಮಾರಿಗೆ ಬಂದಿದ್ದ, ಕಾಲು ಎಳೆಯುತ್ತಿದ್ದ, ನೆರಳಲ್ಲಿ ಕೂತು ಹೋಗು ಎಂದರೂ ಕೇಳಲಿಲ್ಲ ಎಂದಳು. ಯಾವ ದಾರಿ ಹಿಡಿದ ಎಂದು ಕೇಳಿದ್ದಕ್ಕೆ ಹಳ್ಳದ ಕಡೆ ಕೈ ತೋರಿಸಿದಳು. ಮೂರನೆಯ ಊರಿಗೆ ಹಳೆಯ ಕಾಲುದಾರಿ ಹೊಲಗಳ ನಡುವೆ, ಹಳ್ಳ ದಾಟಿಕೊಂಡು ಒಂದು ಹರದಾರಿ. ಡಾಂಬರು ರಸ್ತೆ ಸುತ್ತಿ ಬಳಸಿ ಅದರ ಎರಡರಷ್ಟು. ಒಂಬತ್ತಕ್ಕೆ ಹೊರಟವನು ಇಷ್ಟರಲ್ಲಿ ಮುಟ್ಟಿಯೇ ಇರುತ್ತಾನೆ ಎಂದು ಕಪಿಲ ರಸ್ತೆಯನ್ನೇ ಹಿಡಿದ.

ಮೂರನೆಯ ಊರಿನ ಅಗಸೆಬಾಗಿಲ ಬಳಿ ಗಾಡಿ ನಿಧಾನ ಮಾಡಿ ಮೈಕು ಬಾಯಿಗಿಟ್ಟ. ಬಿಸಿಲಿಗೆ ಊರೆಲ್ಲ ಬಾಗಿಲು ಮುಚ್ಚಿತ್ತು, ಮನೆಮನೆ ತಟ್ಟುವಷ್ಟು ತಾಳ್ಮೆ ಅವನಿಗೆ ಇರಲಿಲ್ಲ.

“ನಾ ಕಮಲಾಪುರದಿಂದ ಬಂದೀನ್ರೀ. ಮಾಪಣ್ಣ ಅಂತ ವಯಸ್ಸಾದಾಂವ, ಬಿಳಿ ಧೋತರ, ಕೈಯಾಗ ಬಡಿಗಿ. ಯಾರಾದ್ರೂ ನೋಡೀರೇನ್ರೀ?”

ಎರಡನೆಯ ಸಲ ಕೂಗುವಷ್ಟರಲ್ಲಿ ಬೀಗರ ಮನೆಯ ಮುಂದೆ ಬಂದಿದ್ದ. ಅಲ್ಲಿ ಬೇವಿನ ಕೆಳಗೆ ಏಳೆಂಟು ಗಂಡಸರು ಒಗೆದ ಬಟ್ಟೆ ತೊಟ್ಟು ಕೂತಿದ್ದರು. ಪಕ್ಕದಲ್ಲಿ ಒಂದು ಟೆಂಪೊ ಬಾಗಿಲು ತೆರೆದು ನಿಂತಿತ್ತು. ಎಲ್ಲರ ಜೇಬಿನಲ್ಲೂ ಮೊಬೈಲಿತ್ತು, ಎಲ್ಲರಿಗೂ ನಿನ್ನೆಯೇ ಗೊತ್ತಿತ್ತು. ಆದರೂ ಕಾಯುತ್ತಿದ್ದರು. ಅವರಲ್ಲಿ ಹಿರಿಯನಾದವನು ಮಡಿಲಲ್ಲಿದ್ದ ರುಮಾಲು ಬಿಡಿಸಿ ತಲೆಗೆ ಸುತ್ತಿಕೊಳ್ಳುತ್ತ ಎದ್ದ. ಹೇಳಿಕಿ ಬಂತು, ನಡೀರಿ ಎಂದ. ಒಳಗಿನಿಂದ ಹೆಂಗಸರ ಅಳು ಎದ್ದಿತು. ಅದರ ನಡುವೆಯೇ ಒಬ್ಬಳು, ಈ ಮಾತು ತಂದವನ ಬಾಯಿ ಸೇದಿ ಹೋಗಲಿ ಎಂದು ಶಾಪ ಹಾಕುವುದೂ ಕೇಳಿಸಿತು.

ಕಪಿಲ ಮೈಕನ್ನು ಕೈಯಿಂದ ಬಿಟ್ಟ.

“ನಾ ಹೇಳಿಕಿ ತಂದಿಲ್ರೀ. ನಮ್ಮಪ್ಪನ್ನ ಹುಡುಕಾಕ ಬಂದೀನಿ.”

ಯಾರು ನಿಮ್ಮಪ್ಪ ಎಂದು ಹಿರಿಯ ಕೇಳಿದ. ಮಾಪಣ್ಣ ಎಂದ ಕೂಡಲೇ ಅವನ ಮುಖ ಅರಳಿತು.

“ಮಾಪಣ್ಣನ ಮಗ ಏನು? ಹಂಗಾದ್ರ ಸರಿ ಆತಲ್ಲ. ಅಪ್ಪ ಬಂದ್ರೇನು, ಮಗ ಬಂದ್ರೇನು.”

ಅಪ್ಪ ಇಲ್ಲಿಗೆ ಬಂದಿಲ್ಲವೇ ಎಂದು ಕಪಿಲ ಮತ್ತೆ ಮತ್ತೆ ಕೇಳಿದ. ಇಲ್ಲ, ಬಂದವನು ನೀನೇ ಎಂದರು. ಅವರಿಗೆ ಅವಸರವಾಗಿತ್ತು, ಚಪ್ಪಲಿ ಹುಡುಕುತ್ತಿದ್ದರು, ಹೆಂಗಸರನ್ನು ಕರೆಯುತ್ತಿದ್ದರು. ಆ ಗದ್ದಲದಲ್ಲಿ ನಿಂತು ಕಪಿಲ ತನ್ನ ಬಾಯಿಂದ ಏನು ಬಿದ್ದಿತೆಂದು ನೆನಪಿಸಿಕೊಂಡ. ಸತ್ತವಳ ಹೆಸರನ್ನು ಅವನು ಎತ್ತಿರಲಿಲ್ಲ. ಎತ್ತುವುದು ಯಾರಿಗೂ ಬೇಕಾಗಿಯೂ ಇರಲಿಲ್ಲ. ಆ ಕುಲದವನೊಬ್ಬ ಆ ದಿನ ಬಾಗಿಲ ಮುಂದೆ ನಿಂತರೆ ಅವರಿಗೆ ಸಾಕಾಗಿತ್ತು. ಅವನು ಗಾಡಿ ತಿರುಗಿಸಿದ.

ಊರ ಹಿಂದಿನಿಂದ ಕಾಲುದಾರಿ ಹಿಡಿದು ಎರಡನೆಯ ಊರಿನ ದಿಕ್ಕಿಗೆ ಗಾಡಿ ಇಳಿಸಿದ. ಉಳುಮೆಯ ಹೆಂಟೆಗಳ ಮೇಲೆ ಅದು ನಡೆಯುವವನಷ್ಟೇ ನಿಧಾನ ಹೋಗುತ್ತಿತ್ತು. ಹತ್ತು ಮಾರಿಗೊಮ್ಮೆ ಇಂಜಿನ್ನು ಬಂದ್ ಮಾಡಿ, ಚಾವಿಯನ್ನು ಹಾಗೆಯೇ ಬಿಟ್ಟು, ಭೋಂಗಾದಲ್ಲಿ ಅಪ್ಪಾ ಎಂದು ಕೂಗುತ್ತಿದ್ದ. ಕೂಗಿ ಕಿವಿಗೊಡುತ್ತಿದ್ದ. ಸ್ಟೂಲಿನ ಮೇಲೆ ಕೂರಿಸಿ ಗಿರಾಕಿಗಳಿಗೆ ಹೇಳುತ್ತಿದ್ದ ಪಾಠ ಆಗ ಅವನಿಗೆ ನೆನಪಾಗಲಿಲ್ಲ. ಅಪ್ಪನನ್ನು ಕಳೆದುಕೊಂಡವನಿಗೆ ಬ್ಯಾಟರಿ ನೆನಪಾಗುವುದಾದರೂ ಹೇಗೆ?

ಕುರಿ ಮೇಯಿಸುತ್ತಿದ್ದ ಒಬ್ಬ ಹೆಂಗಸು ಕೂಗು ಕೇಳಿ ದಿಬ್ಬದ ಮೇಲಿಂದ ಹಳ್ಳದ ಕಡೆ ಕೋಲು ತೋರಿಸಿದಳು. ಮಾಪಣ್ಣ ಜಾಲಿ ಗಿಡದ ಬುಡದಲ್ಲಿ ಬಿದ್ದಿದ್ದ. ನೆರಳು ಸರಿದುಹೋಗಿ ಎಷ್ಟೋ ಹೊತ್ತಾಗಿತ್ತು, ಅರ್ಧ ಮೈ ಬಿಸಿಲಲ್ಲಿತ್ತು. ಮುಟ್ಟಿದರೆ ಹಂಚು ಮುಟ್ಟಿದ ಹಾಗೆ ಸುಡುತ್ತಿತ್ತು, ಒಂದು ಹನಿ ಬೆವರಿರಲಿಲ್ಲ. ಕಪಿಲ ತನ್ನ ಬಾಟಲಿಯ ನೀರನ್ನೆಲ್ಲ ಅವನ ತಲೆಗೆ, ಎದೆಗೆ ಹೊಯ್ದ. ಫೋನು ತೆಗೆದರೆ ಹಳ್ಳದೊಳಗೆ ಸಿಗ್ನಲ್ ಇರಲಿಲ್ಲ. ಅಪ್ಪನನ್ನು ಎತ್ತಿ ಮುಂದೆ ಕೂರಿಸಿಕೊಂಡು ಹೋಗುತ್ತೇನೆಂದು ಗಾಡಿಯ ಗುಂಡಿ ಒತ್ತಿದ. ಅದು ಕಟಕಟ ಎಂದು ಸುಮ್ಮನಾಯಿತು. ಕಿಕ್ ಇಲ್ಲದ ಗಾಡಿ. ಹಳ್ಳದ ಉಸುಕಿನಲ್ಲಿ ತಳ್ಳಿ ನೋಡಿದ, ಚಕ್ರ ಹೂತುಕೊಂಡವು. ಜಿಲ್ಲೆಯಲ್ಲೇ ತನ್ನಷ್ಟು ಚೊಕ್ಕವಾಗಿ ವೈರು ಎಳೆಯುವವರಿಲ್ಲ ಎಂದುಕೊಂಡಿದ್ದ ಮನುಷ್ಯ ಆ ಗಾಡಿಯನ್ನು ಒದ್ದ. ಆಮೇಲೆ ಅಪ್ಪನನ್ನು ಬೆನ್ನ ಮೇಲೆ ಹೊತ್ತುಕೊಂಡು ರಸ್ತೆಯ ಕಡೆ ನಡೆದ.

ರಸ್ತೆಗೆ ಮುಟ್ಟಿದಾಗ ಫೋನು ಹತ್ತಿತು. ಆಂಬುಲೆನ್ಸಿನವರು ಮುಕ್ಕಾಲು ಗಂಟೆ ಎಂದರು. ಒಂದು ಕಲ್ಲುಸೇತುವೆಯ ಪಕ್ಕದ ಆಲದ ನೆರಳಿನಲ್ಲಿ ಅಪ್ಪನನ್ನು ಮಲಗಿಸಿ, ತನ್ನ ಅಂಗಿಯಿಂದ ಗಾಳಿ ಹಾಕುತ್ತ ಕೂತ. ಕಣ್ಣು ತೆರೆದಾಗ ಮಾಪಣ್ಣನಿಗೆ ಮೊದಲು ಮಗನ ಗುರುತು ಸಿಗಲಿಲ್ಲ. ಸಿಕ್ಕ ಮೇಲೆ ಅವನು ಕೇಳಿದ್ದು ತನ್ನ ಬಗ್ಗೆ ಅಲ್ಲ.

“ಇನ್ನೊಂದೂರು ಉಳೀತು,” ಎಂದ. ನಾಲಿಗೆ ಹೊರಳುತ್ತಿರಲಿಲ್ಲ. “ನೀ ಅಲ್ಲಿ ಹೋಗಿಲ್ಲಲ್ಲ?”

“ಇಲ್ಲಪ್ಪ.”

“ಹೇಳಿಲ್ಲಲ್ಲ?”

“ನಾ ಯಾಕ ಹೇಳ್ಲಿ? ನೀ ಮಾತಾಡಬ್ಯಾಡ.”

ಮಾಪಣ್ಣನ ಮುಖದ ಬಿಗಿ ಸಡಿಲವಾಯಿತು. ಮಗನ ಕೈಯನ್ನು ತಾನೇ ಹುಡುಕಿ ಹಿಡಿದುಕೊಂಡ. ನನ್ನ ಕಾಲಿಗೇ ಮುಗೀತು ಬಿಡು ಎಂದ. ಇಷ್ಟು ನೆಮ್ಮದಿಯಿಂದ ಅವನು ಮಾತಾಡಿದ್ದನ್ನು ಕಪಿಲ ಕೇಳಿರಲಿಲ್ಲ. ತಾನು ಹೇಳಿದ್ದು ಸುಳ್ಳು ಎಂಬ ಯೋಚನೆಯೂ ಅವನಿಗೆ ಬರಲಿಲ್ಲ. ಅಪ್ಪ ಬದುಕಿದರೆ ಸಾಕಾಗಿತ್ತು.

ಮೂರನೆಯ ಊರಿನ ಟೆಂಪೊ ಬಂದದ್ದು ಆಗ. ಹೆಂಗಸರನ್ನೆಲ್ಲ ಕೂಡಿಸುವಷ್ಟರಲ್ಲಿ ತಡವಾಗಿ, ಈಗ ಕಮಲಾಪುರಕ್ಕೆ ಮಣ್ಣಿಗೆ ಹೊರಟವರು. ರುಮಾಲಿನ ಹಿರಿಯ ಇವರನ್ನು ಕಂಡು ನಿಲ್ಲಿಸಲು ಹೇಳಿ, ಕೆಳಗಿಳಿದು ಬಂದ. ಕೆಟ್ಟ ಮನುಷ್ಯನಲ್ಲ ಅವನು, ಕೈಯಲ್ಲಿ ನೀರಿನ ಬಾಟಲಿ ಹಿಡಿದೇ ಬಂದಿದ್ದ. ಬಗ್ಗಿ ನೋಡಿ ಮಾಪಣ್ಣನ ಗುರುತು ಹಿಡಿದ. ಕಪಿಲ ಬೇಡವೆಂದು ತಲೆಯಾಡಿಸಿದ, ಕಣ್ಣಲ್ಲೇ ಬೇಡಿಕೊಂಡ. ಹಿರಿಯನಿಗೆ ಅದು ಅರ್ಥವಾಗಲಿಲ್ಲ. ಮುದುಕನಿಗೆ ಸಮಾಧಾನವಾಗಲಿ ಎಂದೇ ಅವನು ಗಟ್ಟಿಯಾಗಿ ಹೇಳಿದ.

“ನೀ ಮುಟ್ಟಲಿಲ್ಲ ಅಂತ ಚಿಂತಿ ಮಾಡಬ್ಯಾಡ ಮಾಪಣ್ಣ. ನಿನ್ನ ಮಗ ಬಂದು ಭೋಂಗಾದಾಗೇ ಹೇಳ್ಯಾನ. ಊರಿಗೆ ಊರೇ ಕೇಳ್ಯದ. ನಿಮ್ಮ ಮನೆತನದ ಮರ್ಯಾದಿ ಉಳಿಸ್ದ.”

ಅಷ್ಟು ಹೇಳಿ ಬಾಟಲಿಯನ್ನು ಎತ್ತಿ ಹಿಡಿದು ಮೇಲಿನಿಂದ ನೀರು ಹೊಯ್ದ. ಮಾಪಣ್ಣ ಬೊಗಸೆ ಒಡ್ಡಲಿಲ್ಲ. ನೀರು ಗದ್ದಕ್ಕೆ, ಕುತ್ತಿಗೆಗೆ ಬಿದ್ದು ಮಣ್ಣಿಗೆ ಇಳಿಯಿತು. ಟೆಂಪೊದಲ್ಲಿ ಹೆಂಗಸರು ತುಂಬಿದ್ದಾರೆ, ಜಾಗವಿಲ್ಲ, ಆಂಬುಲೆನ್ಸು ಹೇಗೂ ಬರುತ್ತದಲ್ಲ ಎಂದು ಹಿರಿಯ ಹತ್ತಿ ಹೊರಟುಹೋದ.

ಮಾಪಣ್ಣ ತನ್ನ ಕೈಯನ್ನು ಮಗನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡ. ಸಿಟ್ಟು ಮಾಡಲಿಲ್ಲ. ದಾರಿ ಕೇಳುವವನ ಹಾಗೆ ಕೇಳಿದ.

“ಹಂಗಾದ್ರ ನಾ ಯಾಕ ನಡದೆ, ಕಪಿಲಾ?”

ಆಂಬುಲೆನ್ಸು ಬಂದಾಗ ಕಪಿಲ ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಸಮನೆ ಮಾತಾಡುತ್ತಿದ್ದ. ನಿನ್ನ ಹುಡುಕಾಕ ಹೋಗಿದ್ದೆಪ್ಪ, ಹೇಳಾಕ ಹೋಗಿದ್ದಿಲ್ಲ, ಅವರ ಹೆಸರೂ ಎತ್ತಿಲ್ಲ ನಾನು ಎನ್ನುತ್ತಿದ್ದ. ಕೆಳಗಿಳಿದ ನರ್ಸು ಮುದುಕನ ಕುತ್ತಿಗೆ ಮುಟ್ಟಿ ನೋಡಿ, ಮಗನ ಭುಜ ಹಿಡಿದು ಮಾತು ನಿಲ್ಲಿಸಿದಳು. ಕೇಳಬೇಕಾದವನ ಜೀವ ಹೋಗಿ ಆಗಲೇ ಅರ್ಧ ಗಂಟೆಯಾಗಿತ್ತು.